3 ಗಂಟೆ: ನಕ್ಕಳು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ. ಮಲೆನಾಡಿನ ಒಂದು ಸಣ್ಣ ಊರು. 46 ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ. ಹೆಂಡತಿಗೆ ಕ್ಯಾನ್ಸರ್. 'ಇನ್ನು ಮನೆಗೆ ಕರ್ಕೊಂಡು ಹೋಗಿ' ಅಂತ ಆಸ್ಪತ್ರೆಯವರು ಹೇಳಿದ್ದಾರೆ. ಅಲ್ಲಿಂದ ಅವಳು ಹೋಗುವ ತನಕದ ನಾಲ್ಕು ತಿಂಗಳೇ ಕಥೆ. ಕೊನೆಯಲ್ಲಿ ಅವಳು ಗಂಡನ ತೊಡೆ ಮೇಲೆ ತಲೆಯಿಟ್ಟು ಹಳೆಯದನ್ನೆಲ್ಲ ಮಾತಾಡುತ್ತಾಳೆ. ಅವನು 'ನಾನು ನಿನ್ನನ್ನು ತುಂಬಾ ಪ್ರೀತಿಸ್ತೀನಿ' ಅನ್ನುತ್ತಾನೆ. ಅವಳು ಕಣ್ಣು ಮುಚ್ಚುತ್ತಾಳೆ. ಓದಿದ ಗೆಳತಿ 'ಚೆನ್ನಾಗಿದೆ, ಆದ್ರೆ ಸುಳ್ಳು ಅನ್ನಿಸ್ತು' ಅಂದಳು. ಸಾವು ಹತ್ತಿರ ಇರುವ ಮನೆ ನಿಜಕ್ಕೂ ಹೇಗಿರುತ್ತೆ? ಅಲ್ಲಿ ಪ್ರೀತಿ ಹೇಗೆ ಕಾಣುತ್ತೆ?

ಉತ್ತರ: ನಿಮ್ಮ ಗೆಳತಿ ಸರಿಯಾಗಿಯೇ ಹೇಳಿದ್ದಾರೆ. ಆ ದೃಶ್ಯ ಸುಳ್ಳು. ನೀವು ಹೇಳಹೊರಟ ವಿಷಯ ಮಾತ್ರ ಸುಳ್ಳಲ್ಲ. ನಾನು ಇಪ್ಪತ್ತು ವರ್ಷದಿಂದ ಇಂಥ ಮನೆಗಳಿಗೆ ಹೋಗಿಬರುವ ಪ್ಯಾಲಿಯೇಟಿವ್ ಕೇರ್ ವೈದ್ಯ. ಗುಣವಾಗದ ಕಾಯಿಲೆಯವರ ನೋವು, ವಾಂತಿ, ಉಬ್ಬಸ ಕಡಿಮೆ ಮಾಡಿ, ಇರುವಷ್ಟು ದಿನ ನೆಮ್ಮದಿಯಾಗಿ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಆ ಮನೆಗಳಲ್ಲಿ ಕಂಡಷ್ಟು ಪ್ರೀತಿಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. 'ಪ್ರೀತಿಸ್ತೀನಿ' ಅನ್ನುವ ಮಾತನ್ನು ಮಾತ್ರ ಒಂದು ಸಲವೂ ಕೇಳಿಲ್ಲ.

46 ವರ್ಷ ಜೊತೆಗಿದ್ದ ಗಂಡ ನಮ್ಮ ಕಡೆ ಏನಂತಾನೆ? 'ಏಳು, ಒಂದು ಗುಟುಕು ಕುಡಿ' ಅಂತಾನೆ. 'ಮಗ್ಗುಲು ಬದಲಾಯಿಸ್ಲಾ?' ಅಂತಾನೆ. ಅವಳು ಕಣ್ಣು ಮುಚ್ಚಿಕೊಂಡೇ 'ರೀ, ನಿಮ್ದು ಊಟ ಆಯ್ತಾ' ಅಂತಾಳೆ. ಇಷ್ಟೇ. ಈ ಮೂರು ಮಾತಿನಲ್ಲಿ ಇಡೀ ಕಾದಂಬರಿ ಕೂರುತ್ತೆ.

ಒಂದು ನೋಟ್‌ಬುಕ್ ವಿಷಯ ಹೇಳ್ತೀನಿ. ಹಾಸನದ ಕಡೆಯ ಒಂದು ಹಳ್ಳಿ. ಎಪ್ಪತ್ತು ದಾಟಿದ ರೈತರು, ಹೆಂಡತಿಗೆ ಕ್ಯಾನ್ಸರ್. ನಾವು ಮಾರ್ಫಿನ್ (ಅಫೀಮಿನಿಂದ ಮಾಡುವ ನೋವಿನ ಔಷಧಿ) ಮಾತ್ರೆ ಶುರು ಮಾಡಿದ್ದೆವು. ಅದನ್ನ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬಂದಮೇಲೆ ಅಲ್ಲ, ಬರುವ ಮುಂಚೆ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6. ರಾತ್ರಿ 10ಕ್ಕೆ ಎರಡರಷ್ಟು ಕೊಟ್ಟರೆ ನಡುರಾತ್ರಿಯ ಡೋಸಿಗೆ ಎಬ್ಬಿಸಬೇಕಿಲ್ಲ. ಮರೆತುಹೋಗುತ್ತೆ ಅಂತ ಅವರಿಗೆ ಭಯ. ಮೊಮ್ಮಗಳ ಹಳೇ ಸ್ಕೂಲ್ ಪುಸ್ತಕದಲ್ಲಿ ಬರೆದಿಡೋಕೆ ಶುರು ಮಾಡಿದರು. ಅರ್ಧ ಪುಸ್ತಕದಲ್ಲಿ ಹುಡುಗಿಯ ಮಗ್ಗಿ. ಇನ್ನರ್ಧದಲ್ಲಿ ಅಜ್ಜನ ಲೆಕ್ಕ. '6 ಗಂಟೆ: ಮಾತ್ರೆ. 7 ಗಂಟೆ: ಅರ್ಧ ಲೋಟ ಕಾಫಿ. 10 ಗಂಟೆ: ಮಾತ್ರೆ. 11 ಗಂಟೆ: ಗಂಜಿ ಎರಡು ಚಮಚ, ವಾಂತಿ. 2 ಗಂಟೆ: ಮಾತ್ರೆ. 3 ಗಂಟೆ: ನಕ್ಕಳು.'

ಯಾಕೆ ನಕ್ಕರು ಅಂತ ಬರೆದಿರಲಿಲ್ಲ. ನಾನೂ ಕೇಳಲಿಲ್ಲ. ಮಾತ್ರೆ, ವಾಂತಿಯ ಸಾಲಿನಲ್ಲೇ ನಗುವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಪುಟ ತಿರುಗಿಸಿದರೆ ಅಲ್ಲಲ್ಲಿ ಇನ್ನೂ ಇತ್ತು. 'ತಂಗಿ ಬಂದಿದ್ದಳು, ಮಾತಾಡಿದಳು.' 'ಕೂದಲು ಬಾಚಿದೆ.' 'ಸಿಟ್ಟು ಮಾಡಿಕೊಂಡಳು.' ನಿಮ್ಮ ಕಾದಂಬರಿ ಈ ಪುಸ್ತಕದ ಹಾಗಿರಲಿ ಅನ್ನೋದೇ ನನ್ನ ಆಸೆ. ಸಾವನ್ನು ಬರೆಯೋಕೆ ಹೋಗಬೇಡಿ. ದಿನಗಳನ್ನು ಬರೆಯಿರಿ.

ದಿನ ಬರೆಯಬೇಕಾದರೆ ಮೊದಲು ಒಂದು ತೀರ್ಮಾನ ಆಗಬೇಕು. ಯಾವ ಕ್ಯಾನ್ಸರ್? ನೀವು ಬರೀ 'ಕ್ಯಾನ್ಸರ್' ಅಂದಿದ್ದೀರಿ. ಬಾಯಿಯದ್ದಾದರೆ ಅವಳ ಮಾತು ಮೊದಲೇ ಹೋಗಿರುತ್ತೆ. ಸನ್ನೆ, ಸ್ಲೇಟು, ಗಂಡನಿಗೆ ಮಾತ್ರ ಅರ್ಥವಾಗುವ ತೊದಲು. ಸ್ತನದ್ದಾಗಿ ಗಾಯ ಒಡೆದಿದ್ದರೆ ವಾಸನೆ. ಆ ವಾಸನೆಗೆ ಅವಳೇ ನಾಚಿ, ಬಂದವರನ್ನು ಬಾಗಿಲಲ್ಲೇ ನಿಲ್ಲಿಸ್ತಾಳೆ. (ಮೆಟ್ರೊನಿಡಜೋಲ್ ಮಾತ್ರೆ ಪುಡಿ ಮಾಡಿ ಗಾಯಕ್ಕೆ ಹಾಕಿದರೆ ವಾಸನೆ ಎಷ್ಟೋ ಕಡಿಮೆಯಾಗುತ್ತೆ. ಗಂಡ ಕಲಿಯಬಹುದಾದ ಕೆಲಸ.) ಅಂಡಾಶಯದ್ದಾದರೆ ಹೊಟ್ಟೆಯಲ್ಲಿ ನೀರು ತುಂಬುತ್ತೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ದೊಡ್ಡದು. ಸೀರೆ ನಿಲ್ಲಲ್ಲ, ಜೀವನದಲ್ಲಿ ಮೊದಲ ಸಲ ಹಗಲಲ್ಲೂ ನೈಟಿ. ಸೂಜಿ ಹಾಕಿ ಮೂರ್ನಾಲ್ಕು ಲೀಟರ್ ನೀರು ತೆಗೆದ ದಿನ ಅವಳು ಎದ್ದು ಕೂತು ಒಂದು ತುತ್ತು ತಿಂತಾಳೆ. ಕೆಲವು ದಿನಕ್ಕೆ ಮತ್ತೆ ತುಂಬುತ್ತೆ. ಆ ಏರಿಳಿತವೇ ನಿಮ್ಮ ಅಧ್ಯಾಯಗಳಿಗೆ ಲಯ ಕೊಡುತ್ತೆ. ನಾನಾಗಿದ್ದರೆ ಇದನ್ನೇ ಆರಿಸಿಕೊಳ್ತಿದ್ದೆ.

ನೋವಿನ ಬಗ್ಗೆ ಒಂದು ಮಾತು. ಕ್ಯಾನ್ಸರ್ ಅಂದಮೇಲೆ ಕೊನೇ ತನಕ ನರಳಬೇಕು ಅಂತ ದಯವಿಟ್ಟು ಬರೆಯಬೇಡಿ. ಸರಿಯಾದ ಔಷಧಿ ಸಿಕ್ಕಿದರೆ ಹೆಚ್ಚಿನವರ ನೋವು ಹಿಡಿತಕ್ಕೆ ಬರುತ್ತೆ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತೆ, ಬೇಗ ಸಾಯ್ತಾರೆ ಅನ್ನುವ ಭಯ ಎಲ್ಲ ಮನೆಯಲ್ಲೂ ಇದೆ. ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟರೆ ಅದು ಆಯಸ್ಸು ಕಡಿಮೆ ಮಾಡಲ್ಲ. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೂ ಜೊತೆಗೇ ಮಾತ್ರೆ ಕೊಡ್ತೀವಿ. ಕಷ್ಟ ಇರೋದು ಸಿಗೋದರಲ್ಲಿ. 1985ರ ಮಾದಕವಸ್ತು ಕಾಯ್ದೆ ಬಂದಮೇಲೆ ಆಸ್ಪತ್ರೆಗಳೇ ಇದನ್ನ ಇಟ್ಟುಕೊಳ್ಳೋಕೆ ಹೆದರಿದವು. 2014ರ ತಿದ್ದುಪಡಿ ಆದಮೇಲೆ ನಿಯಮ ಸಡಿಲವಾಯಿತು. ಆದರೂ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ವಸ್ತು ಅಲ್ಲ ಇದು. ನಿಮ್ಮ ಕಥೆಯ ಗಂಡ ಬೆಳಗಿನ ಬಸ್ ಹಿಡಿದು ಶಿವಮೊಗ್ಗಕ್ಕೋ ಮಂಗಳೂರಿಗೋ ಹೋಗಿ ತರಬೇಕಾಗಬಹುದು. ಪಕ್ಕದ ಮನೆಯವರನ್ನು ಅವಳ ಹತ್ತಿರ ಕೂರಿಸಿ, ಕಡೇ ಬಸ್ ತಪ್ಪಿದರೆ ಅಂತ ದಾರಿಯುದ್ದಕ್ಕೂ ಎದೆ ಹೊಡಕೊಳ್ಳುತ್ತೆ. ಒಂದು ಅಧ್ಯಾಯ ಅಲ್ಲೇ ಇದೆ.

ಇನ್ನು ನೀವು ಪೂರ್ತಿ ಬಿಟ್ಟಿರುವ ಒಂದು ಪ್ರಶ್ನೆ. ಅವಳಿಗೆ ಗೊತ್ತಾ?

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರೋಗಿಗೆ ರೋಗದ ಹೆಸರೇ ಹೇಳಿರಲ್ಲ. ಒಂದು ಮನೆಯಲ್ಲಿ ಯಜಮಾನರು ನನ್ನನ್ನು ದಣಪೆಯ ತನಕ ಬಿಡೋಕೆ ಬಂದರು. ದನಿ ತಗ್ಗಿಸಿ, 'ಅವಳಿಗೆ ಏನೂ ಹೇಳ್ಬೇಡಿ ಡಾಕ್ಟ್ರೇ. ಹೊಟ್ಟೇಲಿ ಹುಣ್ಣು ಅಂತ ಹೇಳಿದೀನಿ' ಅಂದರು. ಬಿಪಿ ನೋಡುವ ಮೆಷಿನ್ ಒಳಗೇ ಬಿಟ್ಟಿದ್ದೆ. ತರೋಕೆ ಹೋದರೆ ಆಕೆ ಒಬ್ಬರೇ ಇದ್ದರು. ನನ್ನ ಕೈ ಹಿಡಿದು, 'ನಂಗೆಲ್ಲ ಗೊತ್ತು. ಇವ್ರಿಗೆ ಹೇಳ್ಬೇಡಿ. ನಂಗೆ ಗೊತ್ತಿದೆ ಅಂತ ತಿಳಿದ್ರೆ ಊಟ ಬಿಟ್ಬಿಡ್ತಾರೆ' ಅಂದರು.

ಇಬ್ಬರಿಗೂ ಗೊತ್ತು. ಇಬ್ಬರೂ ಮುಚ್ಚಿಡ್ತಿದ್ದಾರೆ. ಒಂದೇ ಗೋಡೆಗೆ ಎರಡು ಕಡೆಯಿಂದ ಸುಣ್ಣ ಹೊಡೆದ ಹಾಗೆ. ಇದು ಪ್ರೀತಿಯಿಂದಲೇ ಹುಟ್ಟಿದ ಸುಳ್ಳು. ಆದರೆ ಇದರಿಂದ ಇಬ್ಬರೂ ಒಂಟಿಯಾಗ್ತಾರೆ. ಕೊನೆಯ ತಿಂಗಳು ಒಂದೇ ಕೋಣೆಯಲ್ಲಿದ್ದು ನಟಿಸುವುದು ತುಂಬಾ ದಣಿಸುತ್ತೆ. ನಾವು ಈ ಗೋಡೆಯನ್ನು ಒಡೆಯಲ್ಲ. ಮೊದಲು ಗಂಡನ ಹತ್ತಿರ, 'ಇದನ್ನ ಬಚ್ಚಿಡೋದು ನಿಮಗೆ ಎಷ್ಟು ಕಷ್ಟ ಆಗ್ತಿದೆ?' ಅಂತ ಕೇಳ್ತೀವಿ. ಆಮೇಲೆ ಅವರ ಒಪ್ಪಿಗೆ ತಗೊಂಡು ಆಕೆಯ ಹತ್ತಿರ, 'ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ನಿಸುತ್ತೆ?' ಅಂತ ಕೇಳ್ತೀವಿ. ಆಕೆ ಹೇಳಿಬಿಡ್ತಾರೆ.

ಆ ಮನೆಯಲ್ಲಿ ಮಾತು ಹೊರಬಿದ್ದ ದಿನ ನಾನಿದ್ದೆ. ಅಳು ಇತ್ತು, ಆದರೆ ಜಾಸ್ತಿ ಹೊತ್ತು ಇರಲಿಲ್ಲ. ಆಕೆ ಕಣ್ಣೊರೆಸಿಕೊಂಡು ಕೆಲಸ ಹೇಳೋಕೆ ಶುರು ಮಾಡಿದರು. ಡೆಪಾಸಿಟ್ ಚೀಟಿ ಯಾವ ಸೀರೆಯ ಮಡಿಕೆಯಲ್ಲಿದೆ. ಧಾರೆ ಸೀರೆ ಚಿಕ್ಕ ಸೊಸೆಗೆ. ಮೆಣಸಿನಪುಡಿಗೆ ಕೊತ್ತಂಬರಿ ಎಷ್ಟು ಹಾಕಬೇಕು. ಸಾಸಿವೆ ಮೊದಲು, ಆಮೇಲೆ ಕರಿಬೇವು, 'ಇಂಗು ಕಡೇಲಿ, ಮರೀಬೇಡಿ'. ಅವರು 'ಹೂಂ' 'ಹೂಂ' ಅಂತ ಕೇಳ್ತಾ ಕೂತಿದ್ದರು. ಅಷ್ಟು ವರ್ಷ ಅಡುಗೆಮನೆಯ ಹೊಸ್ತಿಲ ಆಚೆಯೇ ಇದ್ದ ಮನುಷ್ಯ. ನೀವು ತೊಡೆ ಮೇಲೆ ತಲೆಯಿಟ್ಟು ಆಡಿಸಿದ ಆ ಉದ್ದದ ಮಾತನ್ನು ಇಲ್ಲಿಗೆ ತಂದುಬಿಡಿ. ಸಾಯುವ ಕ್ಷಣಕ್ಕೆ ಅಲ್ಲ, ಒಂದೂವರೆ ತಿಂಗಳು ಮುಂಚೆ. ಹಳೇ ನೆನಪಿನ ಬದಲು ಒಗ್ಗರಣೆ ಹೇಳಿಕೊಡಲಿ.

ಊಟದ ವಿಷಯಕ್ಕೆ ಜಾಗ ಜಾಸ್ತಿ ಕೊಡಿ. ನಮ್ಮ ಭಾಷೆಯಲ್ಲಿ ಅಕ್ಕರೆ ಎಲ್ಲ ಊಟದ ಮಾತಲ್ಲೇ ಇರೋದು, ಅಲ್ವಾ? ಹಾಗಾಗಿ ಅವಳು ಊಟ ಬಿಟ್ಟಾಗ ಅವನಿಗೆ ತನ್ನನ್ನೇ ಬಿಟ್ಟಳು ಅನ್ನಿಸುತ್ತೆ. ಗಂಜಿ ಹಿಡಿದು ಬೇಡ್ತಾನೆ, ಗದರ್ತಾನೆ. ಅವಳು ಅವನಿಗೋಸ್ಕರ ಎರಡು ಚಮಚ ನುಂಗಿ, ಆಮೇಲೆ ವಾಂತಿ ಮಾಡ್ತಾಳೆ. ಕೊನೆಯ ವಾರಗಳಲ್ಲಿ ದೇಹಕ್ಕೆ ಊಟ ಬೇಕಾಗಿರಲ್ಲ, ತಗೊಳ್ಳೋ ಶಕ್ತಿಯೂ ಇರಲ್ಲ. ತಿನ್ನದೇ ಇರುವುದರಿಂದ ಸಾಯ್ತಿಲ್ಲ, ಸಾಯ್ತಾ ಇರುವುದರಿಂದ ತಿನ್ನಲ್ಲ. ಇದನ್ನ ಗಂಡಂದಿರಿಗೆ ಅರ್ಥ ಮಾಡಿಸುವುದು ನನ್ನ ಕೆಲಸದಲ್ಲೇ ಅತಿ ಕಷ್ಟದ ಕೆಲಸ. 'ಹಾಗಾದ್ರೆ ನಾನೇನು ಮಾಡ್ಲಿ?' ಅಂತ ಕೈ ಚೆಲ್ತಾರೆ. ಆಗ ನಮ್ಮ ನರ್ಸ್ ಆ ಕೈಗೆ ಬೇರೆ ಕೆಲಸ ಕೊಡ್ತಾರೆ. ಹತ್ತಿ ಒದ್ದೆ ಮಾಡಿ ನಾಲಿಗೆ ಒರೆಸಿ. ತುಟಿಗೆ ತುಪ್ಪ ಸವರಿ. ಅಂಗಾಲಿಗೆ ಎಣ್ಣೆ ತಿಕ್ಕಿ. ಎಪ್ಪತ್ತು ವರ್ಷದ ಆ ಒರಟು ಬೆರಳು ತುಪ್ಪ ಅದ್ದಿಕೊಂಡು ಅವಳ ತುಟಿಯ ಮೇಲೆ ಓಡಾಡುವುದನ್ನು ನಾನು ನೋಡಿದ್ದೇನೆ. ಮೊದಲು ಅವರು ನಮ್ಮ ಕಡೆ ತಿರುಗಿ, ಯಾರಾದರೂ ನೋಡ್ತಿದ್ದಾರಾ ಅಂತ ನೋಡಿಕೊಂಡರು.

ನಿಮ್ಮ ಗಂಡಸು ತುಂಬಾ ಒಳ್ಳೆಯವನಾಗಿಬಿಟ್ಟಿದ್ದಾನೆ ಅಂತ ನನ್ನ ಗುಮಾನಿ. ಒಂದು ರಾತ್ರಿ ಅವನು ರೇಗಲಿ. ಮೂರನೇ ಸಲ ಬೆಡ್‌ಶೀಟ್ ಒದ್ದೆಯಾಗಿದೆ, ಎರಡು ವಾರದಿಂದ ನಿದ್ದೆಯಿಲ್ಲ. 'ಹೇಳೋಕಾಗಲ್ವಾ ನಿಂಗೆ?' ಅಂತ ಕಿರುಚಲಿ. ಆಮೇಲೆ ಬಟ್ಟೆ ಹಿಡಿದು ಹೋಗಿ ಬಾವಿಕಟ್ಟೆಯ ಒಗೆಯೋ ಕಲ್ಲಿನ ಮೇಲೆ ಕತ್ತಲಲ್ಲಿ ಕೂರಲಿ. 'ಇದು ಬೇಗ ಮುಗಿದ್ರೆ ಸಾಕು' ಅಂತ ಅನ್ನಿಸಲಿ, ಅನ್ನಿಸಿದ್ದಕ್ಕೆ ಹೊಟ್ಟೆಯೊಳಗೆ ಉರಿ ಹತ್ತಲಿ. ನೋಡಿಕೊಳ್ಳುವ ಎಲ್ಲರಿಗೂ ಒಂದಲ್ಲ ಒಂದು ದಿನ ಹೀಗನ್ನಿಸುತ್ತೆ. ನನ್ನ ಹತ್ತಿರ ಪಿಸುಮಾತಲ್ಲಿ ಹೇಳಿಕೊಂಡವರು ಎಷ್ಟೋ ಜನ. ಅವರ ಪ್ರೀತಿ ಕಡಿಮೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅವಳಿಗೂ ಒಂದು ಹಳೇ ಸಿಟ್ಟು ಇರಲಿ. ಅವಳ ತಾಯಿ ಹೋದಾಗ ಗದ್ದೆ ನಾಟಿ ಅಂತ ಅವನು ಕಳಿಸಿರಲಿಲ್ಲ ಅಂತಿಟ್ಟುಕೊಳ್ಳಿ. ಆ ಮಾತು ಬರಲಿ. ಅವನ ಹತ್ತಿರ ಉತ್ತರ ಇಲ್ಲದೇ ಇರಲಿ.

ಮಕ್ಕಳು ಎಲ್ಲಿದ್ದಾರೆ? ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ಫೋನಿನಲ್ಲಿ 'ಎಷ್ಟಾದ್ರೂ ಆಗ್ಲಿ, ಐಸಿಯುಗೆ ಸೇರಿಸಿ' ಅನ್ನೋದು ನಾನು ಕಂಡ ಅರ್ಧಕ್ಕರ್ಧ ಮನೆಯ ಕಥೆ. ಅವನೂ ಕೆಟ್ಟವನಲ್ಲ, ದೂರ ಇದ್ದಾನೆ ಅಷ್ಟೇ. ಇಲ್ಲಿ ನಿಮಗೆ ಉಪಯೋಗಕ್ಕೆ ಬರುವ ಒಂದು ಕಾನೂನು ಇದೆ. ಗುಣವಾಗುವ ಆಸೆ ಇಲ್ಲದಾಗ ಉಸಿರಾಟದ ಯಂತ್ರ ಮುಂತಾದವು ಬೇಡ ಅಂತ ಮೊದಲೇ ಬರೆದಿಡಬಹುದು ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿತು. ಜನ ಇದನ್ನ ಲಿವಿಂಗ್ ವಿಲ್ ಅಂತಾರೆ. ಆಗ ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಕೋರ್ಟ್ ಅದನ್ನ ಸುಲಭ ಮಾಡಿತು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಆ ತೀರ್ಪು ಜಾರಿಗೆ ಬರಲಿ ಅಂತ ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ತನಗೆ ಮಾತು ಬಾರದಾಗ ಯಾರು ತೀರ್ಮಾನ ಮಾಡಬೇಕು ಅಂತ ಅದರಲ್ಲಿ ಹೆಸರು ಬರೆಯಬೇಕು. ತಾಲೂಕು ಆಫೀಸಿನ ಹತ್ತಿರದ ನೋಟರಿ ಮೇಜು, ಹೊರಗೆ ಆಟೋದಲ್ಲಿ ಅವಳು, ಕಾಗದವನ್ನು ಆಟೋಗೇ ತಂದು ಸಹಿ ಹಾಕಿಸಿಕೊಳ್ಳುವ ಗುಮಾಸ್ತ. ಹೆಸರಿನ ಜಾಗದಲ್ಲಿ ಅವಳು ಮಗನ ಹೆಸರಲ್ಲ, ಗಂಡನ ಹೆಸರು ಬರೆಸುತ್ತಾಳೆ. ಇಷ್ಟು ವರ್ಷ 'ಇವ್ರು' ಅಂತಲೇ ಕರೆದ ಮನುಷ್ಯನ ಹೆಸರನ್ನು ಗುಮಾಸ್ತನ ಮುಂದೆ ಬಾಯಿಬಿಟ್ಟು ಹೇಳಲೇಬೇಕು.

ಈಗ ಕೊನೆಯ ದಿನಗಳು. ಇಲ್ಲಿ ನಾನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಸಿನಿಮಾ ನಮ್ಮನ್ನು ಹೆಚ್ಚು ದಾರಿ ತಪ್ಪಿಸಿರುವುದು ಇಲ್ಲೇ. ನಿದ್ದೆ ಜಾಸ್ತಿ ಆಗ್ತಾ ಹೋಗುತ್ತೆ. ಎಚ್ಚರ ಇರುವ ಹೊತ್ತು ದಿನಕ್ಕೆ ಒಂದೆರಡು ಗಂಟೆಗೆ ಇಳಿಯುತ್ತೆ. ನುಂಗುವುದು ನಿಲ್ಲುತ್ತೆ. ಮೂತ್ರ ಕಡಿಮೆ, ಬಣ್ಣ ಕಡು. ಸತ್ತುಹೋದ ಅಮ್ಮನನ್ನೋ ಅಣ್ಣನನ್ನೋ ಕಂಡ ಹಾಗೆ ಕೆಲವರು ಮೂಲೆ ನೋಡಿ ಮಾತಾಡ್ತಾರೆ. ಆಮೇಲೆ ಉಸಿರಿನ ಲೆಕ್ಕ ತಪ್ಪುತ್ತೆ. ಹತ್ತಾರು ಉಸಿರು ಬೇಗ ಬೇಗ, ಆಮೇಲೆ ಏನೂ ಇಲ್ಲ. ಅರ್ಧ ನಿಮಿಷ ಮನೆಯವರೆಲ್ಲ ತಮ್ಮ ಉಸಿರು ಹಿಡಿದು ನಿಲ್ತಾರೆ. ಮತ್ತೆ ಒಂದು ದೊಡ್ಡ ಉಸಿರು. ಗಂಟಲಲ್ಲಿ ಗೊರಗೊರ ಸದ್ದು ಬರುತ್ತೆ. ಕೆಮ್ಮಿ ತೆಗೆಯಲಾಗದ ಕಫ, ಜೊಲ್ಲು ಅದು. ಕೇಳುವವರಿಗೆ ಆಗುವಷ್ಟು ಸಂಕಟ ಅವರಿಗೆ ಆಗ್ತಿರಲ್ಲ. ಮಂಡಿ, ಪಾದ ತಣ್ಣಗಾಗಿ ಚರ್ಮದ ಮೇಲೆ ನೇರಳೆ ಮಚ್ಚೆ ಮೂಡುತ್ತೆ. ಕಣ್ಣು ಪೂರ್ತಿ ಮುಚ್ಚಿರಲ್ಲ. ಇದು ಕೆಲವು ಗಂಟೆ ಇರಬಹುದು, ಒಂದೆರಡು ದಿನವೂ ಇರಬಹುದು. ಎರಡು ಪುಟದ ಮಾತಿಗೆ ಇಲ್ಲಿ ಜಾಗವಿಲ್ಲ.

ಅವಳು ಮಾತಾಡಲೇಬೇಕು ಅಂತಿದ್ದರೆ ಒಂದು ದಾರಿ ಇದೆ. ಕೆಲವರು ಹೋಗುವ ಒಂದೆರಡು ದಿನ ಮುಂಚೆ ಇದ್ದಕ್ಕಿದ್ದಂತೆ ಚೇತರಿಸಿಕೊಳ್ತಾರೆ. ಆರುವ ದೀಪ ಜೋರಾಗಿ ಉರಿಯುತ್ತೆ ಅಂತ ಹಿರಿಯರು ಹೇಳೋದು ಇದನ್ನೇ. ಎಬ್ಬಿಸಿ ಕೂರಿಸು ಅಂತಾರೆ, ಕಾಫಿ ಕೇಳ್ತಾರೆ, ಕರು ಹಾಕಿತಾ ಅಂತ ವಿಚಾರಿಸ್ತಾರೆ. ಮನೆಯವರು ವಾಸಿಯಾಯ್ತು ಅಂತ ಖುಷಿಪಡ್ತಾರೆ. ಆ ಒಂದು ಬೆಳಿಗ್ಗೆ ನಿಮಗೆ ಬಿಟ್ಟಿದ್ದು.

ಮಾತು ನಿಂತಮೇಲೂ ಕಿವಿ ಕೇಳ್ತಿರಬಹುದು. 2020ರಲ್ಲಿ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಹಾಸ್ಪಿಸ್‌ನಲ್ಲಿದ್ದ (ಕೊನೆಯ ದಿನಗಳಲ್ಲಿರುವವರನ್ನು ನೋಡಿಕೊಳ್ಳುವ ಜಾಗ), ಸಾವಿನ ಅಂಚಿನಲ್ಲಿ ಪ್ರಜ್ಞೆ ತಪ್ಪಿದ್ದ ಕೆಲವರ ಮಿದುಳಿನ ಅಲೆಗಳನ್ನು ದಾಖಲಿಸಿದರು. ಸದ್ದಿಗೆ ಅವರ ಮಿದುಳು ಸ್ಪಂದಿಸುತ್ತಿತ್ತು. ಹಾಗಾಗಿ ನಾನು ಮನೆಯವರಿಗೆ 'ಮಾತಾಡ್ತಾ ಇರಿ' ಅಂತೀನಿ. ಏನು ಮಾತಾಡೋದು ಅಂತ ಗಂಡಸರಿಗೆ ತೋಚಲ್ಲ. ಒಬ್ಬರು ಆವತ್ತಿನ ಅಡಿಕೆ ಧಾರಣೆ ಹೇಳಿದರು. ಮೂವತ್ತು ವರ್ಷ ಸಂಜೆ ಸೊಸೈಟಿಯಿಂದ ಬಂದು ಮೊದಲು ಹೇಳ್ತಿದ್ದುದು ಅದೇ ಅಂತೆ.

ಇನ್ನೊಂದು ಸತ್ಯ, ಸ್ವಲ್ಪ ಕಹಿ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದವರು ಹಲ್ಲುಜ್ಜೋಕೆ ಅಂತ ಬಚ್ಚಲಿಗೆ ಹೋದ ಐದು ನಿಮಿಷದಲ್ಲಿ ಉಸಿರು ನಿಂತಿರುತ್ತೆ. ಇದನ್ನ ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. 'ನಾನಿರಬೇಕಿತ್ತು' ಅನ್ನುವ ಕೊರಗು ವರ್ಷಗಟ್ಟಲೆ ಉಳಿಯುತ್ತೆ. ತೊಡೆಯ ಬದಲು ಈ ಬಚ್ಚಲಮನೆಯನ್ನು ಯೋಚಿಸಿ ನೋಡಿ.

ಅಲ್ಲಿಗೇ ಕಾದಂಬರಿ ನಿಲ್ಲಿಸಬೇಡಿ ಅಂತ ಬೇಡಿಕೊಳ್ತೀನಿ. ಅವಳು ಮುತ್ತೈದೆಯಾಗಿ ಹೋಗಿದ್ದಾಳೆ. ಹಸಿರು ಸೀರೆ, ಕೈತುಂಬ ಬಳೆ, ಹಣೆಗೆ ದೊಡ್ಡ ಕುಂಕುಮ, ತಲೆತುಂಬ ಹೂವು. ಬಂದವರೆಲ್ಲ 'ಪುಣ್ಯವಂತೆ' ಅಂತಾರೆ. ಅವಳೂ ಜೀವನವಿಡೀ ಬೇಡಿಕೊಂಡಿದ್ದು ಅದನ್ನೇ ಇರಬಹುದು. ಒಬ್ಬ ಹೆಂಗಸು ನನಗೆ ಹೇಳಿದ್ದರು: 'ಇವ್ರ ಮುಂಚೆ ಹೋಗ್ತಿದೀನಿ, ಅದಕ್ಕೆ ಸಂತೋಷ. ಆದ್ರೆ ಬೆಳಿಗ್ಗೆ ಇವ್ರಿಗೆ ಕಾಫಿ ಯಾರು ಮಾಡ್ಕೊಡ್ತಾರೆ?' ಈ ಎರಡೂ ಒಟ್ಟಿಗೆ ನಿಜ. ಕಂಬಕ್ಕೆ ಒರಗಿ ಕೂತ ಗಂಡನಿಗೆ 'ಪುಣ್ಯವಂತೆ' ಅನ್ನುವ ಮಾತು ನೂರು ಸಲ ಕಿವಿಗೆ ಬೀಳುತ್ತೆ. ಅವನ ಪಾಡೇನು ಅಂತ ಆವತ್ತು ಯಾರೂ ಕೇಳಲ್ಲ.

ಕೊನೆಗೆ ಅವನನ್ನೂ ಕೊಂದು, ಇಬ್ಬರೂ ಒಂದಾದರು ಅಂತ ಮುಗಿಸುವ ಆಸೆ ಬರುತ್ತೆ. ಎದೆಯೊಡೆದು ಸಾಯುವುದು ಬರೀ ಮಾತಲ್ಲ, ನಿಜ. 1969ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 55 ದಾಟಿದ 4,486 ವಿಧುರರನ್ನು ಒಂಬತ್ತು ವರ್ಷ ಗಮನಿಸಿದ್ದರು. ಹೆಂಡತಿ ಹೋದ ಮೊದಲ ಆರು ತಿಂಗಳಲ್ಲಿ ಸತ್ತವರು 213. ಅದೇ ವಯಸ್ಸಿನ ಇತರ ವಿವಾಹಿತ ಗಂಡಸರಿಗಿಂತ ನೂರಕ್ಕೆ 40ರಷ್ಟು ಜಾಸ್ತಿ. ಆದರೆ ಆ ಲೆಕ್ಕವನ್ನೇ ಇನ್ನೊಂದು ಕಡೆಯಿಂದ ನೋಡಿ. ಆರು ತಿಂಗಳ ನಂತರ ನೂರಕ್ಕೆ 95 ಜನ ಬದುಕಿದ್ದರು. ನಿಮ್ಮವನೂ ಬದುಕಿರಲಿ. ಬದುಕಿರುವುದು ಜಾಸ್ತಿ ಕಷ್ಟ, ಬರೆಯೋಕೂ.

ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟಮೇಲೆ ಬಾಡಿಗೆ ಮಂಚದವರು ಫೋನ್ ಮಾಡ್ತಾರೆ. ಬೆನ್ನೆತ್ತರಿಸುವ ಮಂಚ, ಗಾಳಿ ಹಾಸಿಗೆ ವಾಪಸ್ ತಗೊಂಡು ಹೋಗಬೇಕಲ್ಲ. ಟೆಂಪೋದಲ್ಲಿ ಎರಡು ಹುಡುಗರು ಬಂದು ಬೋಲ್ಟ್ ಬಿಚ್ಚಿ ಹೊತ್ತುಕೊಂಡು ಹೋಗ್ತಾರೆ. ಕೆಂಪು ಗಾರೆ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದಿರುತ್ತೆ. ನಾಲ್ಕು ತಿಂಗಳು ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದವನು ಆ ರಾತ್ರಿ ಎಲ್ಲಿ ಮಲಗ್ತಾನೆ? ಹತ್ತು ಗಂಟೆಗೆ ಮಾತ್ರೆ ಕೊಡಬೇಕು ಅಂತ ಎದ್ದು ಕೂತವನು ಏನು ಮಾಡ್ತಾನೆ? ಇದನ್ನ ನಾನು ನೋಡಿಲ್ಲ. ಆ ಹೊತ್ತಿಗೆ ನಮ್ಮ ಜೀಪು ಬೇರೆ ಮನೆಯ ಮುಂದೆ ನಿಂತಿರುತ್ತೆ. ನೀವು ಬರೆದು ಕಳಿಸಿ. ಮಾತ್ರೆಯ ಹೊತ್ತುಗೊತ್ತು, ಉಸಿರಿನ ವಿವರ ಎಲ್ಲಾದರೂ ತಪ್ಪಿದ್ದರೆ ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸ್ ಕಳಿಸ್ತೀನಿ.